ಮೂರನೆಯ ಪಟ್ಟಿ

ಮೂಲೆ ಬಿಡುತ್ತಲೇ ಇರಲಿಲ್ಲ. ಪುಟ್ಟ ತನ್ನ ಹೆಬ್ಬೆರಳಿನ ಉಗುರನ್ನು ಟೇಪಿನ ಅಂಚಿಗೆ ಕೊಟ್ಟು ಕೆರೆದ. ಫಲಕವನ್ನು ತಿರುಗಿಸಿ ಇನ್ನೊಂದು ಮೂಲೆಯಿಂದ ಕೆರೆದ. ಅಂಟಿನ ಮೇಲಿನ ಬಿಳಿ ಕಾಗದ ಜಪ್ಪಯ್ಯ ಅನ್ನಲಿಲ್ಲ. ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ಆಗಲೇ ಕಾಲು ಗಂಟೆಯಾಗಿತ್ತು. ಒಳಗೆ ನಡುಮನೆಯಲ್ಲಿ ಭಾವ ಪೆಟ್ಟಿಗೆಯಲ್ಲಿ ಮಲಗಿದ್ದರು. ಹತ್ತೂವರೆಗೆ ಸ್ಮಶಾನದ ಗಾಡಿ ಬರುವುದಿತ್ತು. ಅಷ್ಟರೊಳಗೆ ಅವರ ಹೆಸರಿನ ಈ ಅಂಗೈಯಗಲದ ಫಲಕ ಪೆಟ್ಟಿಗೆಯ ಮುಚ್ಚಳದ ಮೇಲೆ ಕೂರಬೇಕಿತ್ತು.

ನಲವತ್ತು ವರ್ಷ ಊರಿನ ಅಂಗಡಿ, ಬ್ಯಾಂಕು, ಆಸ್ಪತ್ರೆಗಳಿಗೆಲ್ಲ ಬೋರ್ಡು ಹಾಕಿದವರು ಭಾವ. ಜನ ಅವರನ್ನು ಬೋರ್ಡಣ್ಣ ಎಂದೇ ಕರೆಯುತ್ತಿದ್ದರು. ಆದರೆ ಅವರ ಹೆಸರಿದ್ದ ಬೋರ್ಡು ಊರಲ್ಲಿ ಒಂದೂ ಇರಲಿಲ್ಲ. ಅವರ ಮಗಳು ಬೆಳಿಗ್ಗೆ ಎದ್ದವಳೇ ಹೋಗಿ ಫಲಕ ಮಾಡಿಸಿ ತಂದಿದ್ದಳು. ಅಪ್ಪನ ಕೆಲಸದ ಚೀಲದಲ್ಲಿ ಸಿಕ್ಕ, ಎರಡೂ ಬದಿ ಅಂಟುವ ಡಬಲ್ ಟೇಪನ್ನು ಅದರ ಹಿಂದೆ ಎರಡು ಪಟ್ಟಿ ಅಂಟಿಸಿದ್ದಳು. ಟೇಪು ಹಳೆಯದು. ಭಾವನ ವ್ಯಾನಿನ ಬಿಸಿಗೆ ಬೆಂದು ಬೆಂದು ಕಾಗದವೂ ಅಂಟೂ ಒಂದಾಗಿಬಿಟ್ಟಿದ್ದವು.

"ಬ್ಲೇಡು ಕೊಡ್ಲಾ?" ಪಕ್ಕದ ಮನೆಯ ಟೈಲರ್ ಬಗ್ಗಿ ನೋಡಿದ.

"ಬ್ಲೇಡು ಹಾಕಿದ್ರೆ ಅಂಟೂ ಕಿತ್ಕೊಂಡು ಬರುತ್ತೆ."

"ಎರಡು ಸ್ಕ್ರೂ ಹೊಡೀಬಹುದಿತ್ತು," ಎಂದ ಪೆಟ್ಟಿಗೆ ಮಾಡಿದ ಬಡಗಿ. "ಆದ್ರೆ ಮುಚ್ಚಳ ತೆಳು. ತುದಿ ಒಳಗೆ ಬಂದು ಅವರಿಗೆ ಚುಚ್ಚುತ್ತೆ." ಹೇಳಿದ ಮೇಲೆ ತನ್ನ ಮಾತು ತನಗೇ ಕೇಳಿಸಿ ಮುಖ ಒರೆಸಿಕೊಂಡ.

"ಬೋರ್ಡಣ್ಣ ಇದ್ದಿದ್ರೆ ಒಂದು ನಿಮಿಷದ ಕೆಲಸ," ಎಂದ ಟೈಲರ್.

"ಅವರಿದ್ದಿದ್ರೆ ಈ ಬೋರ್ಡೇ ಬೇಕಿರ್ಲಿಲ್ವಲ್ಲ ಮಾರಾಯ," ಎಂದ ಬಡಗಿ.

ಇಬ್ಬರೂ ಸದ್ದಿಲ್ಲದೆ ನಕ್ಕು, ಬಾಗಿಲಲ್ಲಿ ಅಕ್ಕ ಕಾಣಿಸಿಕೊಂಡದ್ದೇ ಗಂಭೀರರಾದರು. ಅಕ್ಕ ಅವರಿಗೆ ಟೀ ಲೋಟ ಕೊಟ್ಟಳು. ತಮ್ಮನಿಗೆ ನಲವತ್ತೆಂಟಾಗಿದ್ದರೂ ಅವಳ ಬಾಯಲ್ಲಿ ಅವನಿನ್ನೂ ಪುಟ್ಟನೇ.

"ಆಗುತ್ತೇನೋ ಪುಟ್ಟಾ? ಆಗದಿದ್ರೆ ಬಿಟ್ಬಿಡು. ಹೆಸರಿಲ್ಲ ಅಂತ ಅವರೇನು ದಾರಿ ತಪ್ಪಲ್ಲ."

"ಆಗುತ್ತೆ ಅಕ್ಕ."

"ಕೆಲಸ ಬಿಟ್ಟು ಒಂಬತ್ತು ವರ್ಷ ಆಯ್ತಲ್ಲ. ಕೈ ಮರೆತಿರುತ್ತೆ."

ಅದು ಕೊಂಕೋ ಮರುಕವೋ ಪುಟ್ಟನಿಗೆ ಗೊತ್ತಾಗಲಿಲ್ಲ.

*

ಭಾವನ ಜೊತೆ ಅವನು ಹದಿನಾರು ವರ್ಷ ದುಡಿದಿದ್ದ. ಏಣಿ ಹಿಡಿಯುವುದು, ಮಟ್ಟ ನೋಡುವುದು, ಸ್ಪಿರಿಟ್ ಹಾಕಿ ಗೋಡೆ ಒರೆಸುವುದು ಎಲ್ಲ ಒಂದೆರಡು ತಿಂಗಳಲ್ಲಿ ಬಂದುಬಿಟ್ಟಿತು. ವರ್ಷಗಟ್ಟಲೆ ಹಿಡಿದದ್ದು ಈ ಕಾಗದ ಬಿಡಿಸುವ ಕೆಲಸ. ಭಾವ ಅದಕ್ಕೆ ಎಂದೂ ಬೇಸರಪಟ್ಟವರಲ್ಲ. ಕಿವಿಯ ಹತ್ತಿರ ಫಲಕ ಹಿಡಿದುಕೊಂಡು, ಮೂಲೆ ಬಿಡುವ 'ಟಿಕ್' ಸದ್ದಿಗೆ ಕಾಯುತ್ತಿದ್ದರು. "ಬೋರ್ಡು ಬಿದ್ರೆ ಜನ ಟೇಪನ್ನ ಬೈತಾರೆ," ಎನ್ನುತ್ತಿದ್ದರು. "ಟೇಪು ಪಾಪ ಏನು ಮಾಡುತ್ತೆ? ಎಲ್ಲಾ ಕೈಯ ಅವಸರ."

ಒಂಬತ್ತು ವರ್ಷದ ಹಿಂದೆ ಮಹಡಿಯ ಮೇಲಿನ ಹಲ್ಲಿನ ಆಸ್ಪತ್ರೆಯೊಂದರ ಕೆಲಸ ಬಂದಿತ್ತು. ಮುಂದಿನ ಮೇಜಿನ ಹಿಂದೆ, ನುಣುಪು ಟೈಲ್ಸಿನ ಗೋಡೆಗೆ ಮೂರಡಿ ಉದ್ದದ ದಪ್ಪ ಫಲಕ. ಟೈಲ್ಸಿಗೆ ತೂತು ಕೊರೆಯಕೂಡದು ಎಂದು ಡಾಕ್ಟರ ಕಟ್ಟಪ್ಪಣೆ. ಹಾಗಾಗಿ ಹಿಂದೆ ಮೂರು ಪಟ್ಟಿ ಡಬಲ್ ಟೇಪು. ವ್ಯಾನು ದಾರಿಗೆ ಅಡ್ಡವಾಗಿದೆ ಎಂದು ಯಾರೋ ಕೂಗಿದಾಗ ಭಾವ ಕೆಳಗೆ ಹೋದರು.

ಎರಡು ಪಟ್ಟಿಯ ಕಾಗದ ಸಲೀಸಾಗಿ ಬಂತು. ಮೂರನೆಯದು ಮೂಲೆಯಲ್ಲೇ ಹರಿದು, ಉಗುರಿಗೆ ಪುಡಿಪುಡಿಯಾಗಿ ಸಿಕ್ಕಿತು. ಪುಟ್ಟ ಕೆರೆದ, ಉಗುರು ಮುರಿಯಿತು. ಅವಸರಕ್ಕೆ ಅಂಥ ದೊಡ್ಡ ಕಾರಣವೇನೂ ಇರಲಿಲ್ಲ. ಹಸಿವಾಗಿತ್ತು. ಎರಡು ಪಟ್ಟಿ ಸಾಕು, ಹಿಂದೆ ಯಾರು ನೋಡುತ್ತಾರೆ ಎಂದು ಫಲಕವೆತ್ತಿ ಗೋಡೆಗೆ ಒತ್ತಿಬಿಟ್ಟ.

ಮೇಲೆ ಬಂದ ಭಾವ ಮಟ್ಟ ನೋಡಿದರು. "ಎಲ್ಲಾ ಬಿಡಿಸಿದ್ಯಾ?"

"ಹೂಂ ಭಾವ."

ಐದನೆಯ ದಿನ ಫಲಕ ಕಳಚಿ, ಕೆಳಗೆ ಕೂತು ರೋಗಿಗಳ ಹೆಸರು ಬರೆದುಕೊಳ್ಳುತ್ತಿದ್ದ ಹೆಂಗಸಿನ ಬಲ ಭುಜದ ಮೇಲೆ ಬಿತ್ತು. ಇಬ್ಬರೂ ಓಡಿದಾಗ ಆಕೆಯನ್ನು ಬೇರೆ ಆಸ್ಪತ್ರೆಗೆ ಸಾಗಿಸಿಯಾಗಿತ್ತು. ಭಾವ ನೆಲದಲ್ಲಿದ್ದ ಫಲಕವನ್ನು ಮಗುಚಿದರು. ಎರಡು ಪಟ್ಟಿಗೆ ಗೋಡೆಯ ಧೂಳು ಮೆತ್ತಿತ್ತು. ಮೂರನೆಯದರ ಕಾಗದ ಬೆಳ್ಳಗೆ ಹಾಗೇ ಇತ್ತು.

"ಇದನ್ನ ಹಾಕಿದ್ದು ಯಾರು?" ಡಾಕ್ಟರು ಕೇಳಿದರು.

ಪುಟ್ಟ ಬಾಯಿ ತೆರೆದ. ಅಷ್ಟರಲ್ಲಿ ಭಾವ, "ನಾನೇ ಸಾರ್. ಕಣ್ಣು ಸ್ವಲ್ಪ ಮಂಜು. ಕಾಗದ ಉಳಿದಿದ್ದು ಕಾಣ್ಲಿಲ್ಲ," ಎಂದರು.

ವ್ಯಾನಿನಲ್ಲಿ ಬೈಗುಳಕ್ಕಾಗಿ ಪುಟ್ಟ ಕಾದ. ಬರಲಿಲ್ಲ. ಮರುದಿನ ಭಾವ ಆಡಿದ ಮೊದಲ ಮಾತು, "ಏಣಿ ಮರೀಬೇಡ." ಬೈದಿದ್ದರೆ ಅವನು ಅಲ್ಲೇ ಉಳಿಯುತ್ತಿದ್ದನೋ ಏನೋ. ಎರಡು ತಿಂಗಳು ಆ ಮೌನದ ಪಕ್ಕ ಕೂತು ಓಡಾಡಿ, ಕೊನೆಗೆ ಬಣ್ಣದ ಅಂಗಡಿಯೊಂದಕ್ಕೆ ಸೇರಿಕೊಂಡ. ಕಲಿಸಿದವರಿಗೇ ಕೈಕೊಟ್ಟ ಎಂದರು ನೆಂಟರು. ಅವನು ಇಲ್ಲವೆನ್ನಲಿಲ್ಲ. ಆ ಅಪವಾದ ಹೊರುವುದು ಇನ್ನೊಂದಕ್ಕಿಂತ ಸುಲಭವಾಗಿತ್ತು.

*

"ಇಲ್ಲಿ ಅವರ ಮನೆಯವರು ಯಾರು?"

ಪುಟ್ಟ ತಲೆಯೆತ್ತಿದ. ಬಂದಾಕೆಯ ತಲೆ ಅರ್ಧ ನರೆತಿದ್ದರೂ ನೋಡಿದ ಕೂಡಲೇ ಗುರುತು ಸಿಕ್ಕಿತು. ಆಸ್ಪತ್ರೆಯ ಮೇಜಿನ ಹೆಂಗಸು.

"ನಾನೇ," ಎಂದಳು ಅಕ್ಕ.

"ನನ್ನ ಭುಜದ ಮೇಲೇ ಅವರ ಬೋರ್ಡು ಬಿದ್ದಿದ್ದು. ಅವರು ನಿಮಗೆ ಹೇಳಿರ್ತಾರೆ."

"ಅಯ್ಯೋ, ನೀವಾ? ಬನ್ನಿ, ಕೂತ್ಕೊಳ್ಳಿ. ಕೈ ಈಗ ಹೇಗಿದೆ?"

"ಮೇಲಕ್ಕೆ ಪೂರ್ತಿ ಏಳಲ್ಲ. ಉಳಿದಿದ್ದೆಲ್ಲ ಸರಿ." ಆಕೆ ಮೆಟ್ಟಿಲ ಪಕ್ಕದ ಕುರ್ಚಿಯಲ್ಲಿ ಕೂತಳು. "ವ್ಯಾಯಾಮ ಮಾಡಿಸೋಕೆ ನಾಲ್ಕು ತಿಂಗಳು ಗುರುವಾರ ಗುರುವಾರ ಅವರೇ ವ್ಯಾನಲ್ಲಿ ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದ್ರು. ಬೇಡ ಅಂದ್ರೂ ಬರೋರು. ಮೊದಮೊದಲು ನನಗೆ ಎಷ್ಟು ಸಿಟ್ಟು ಅಂದ್ರೆ, ಪಕ್ಕದಲ್ಲಿ ಕೂತು ಬೈದಿದ್ದೀನಿ. ಕಣ್ಣು ಕಾಣದೋರು ಈ ಕೆಲಸ ಯಾಕೆ ಮಾಡ್ತೀರಿ ಅಂತ. ತುಟಿ ಪಿಟಕ್ ಅನ್ಲಿಲ್ಲ."

ಪುಟ್ಟನ ಕೈ ನಿಂತಿತು. ಫಲಕವನ್ನು ಮಂಡಿಯ ಮೇಲೆ ಮಲಗಿಸಿದ.

"ಅದನ್ನ ಹಾಕಿದ್ದು ಭಾವ ಅಲ್ಲ," ಎಂದ. "ನಾನು. ಮೂರನೇ ಪಟ್ಟಿ ಕಾಗದ ಬಿಡ್ಲಿಲ್ಲ. ಹಾಗೇ ಅಂಟಿಸ್ಬಿಟ್ಟೆ. ಅವರು ಕೇಳಿದಾಗ ಬಿಡಿಸಿದ್ದೀನಿ ಅಂದೆ."

ಟೈಲರೂ ಬಡಗಿಯೂ ಏನೋ ಕೆಲಸ ನೆನಪಾದವರಂತೆ ಒಳಕ್ಕೆ ಸರಿದರು.

ಹೆಂಗಸು ಅವನ ಬೆರಳುಗಳನ್ನು ನೋಡಿದಳು. "ಹಾಗಾದ್ರೆ ಬೈದಿದ್ದು ತಪ್ಪು ಮನುಷ್ಯನಿಗೆ," ಎಂದಳು. "ಈಗ ಎಲ್ಲಿ ಹೋಗಿ ವಾಪಸ್ ತಗೊಳ್ಳಲಿ?"

ಪುಟ್ಟ ತಿರುಗಿ ಅಕ್ಕನ ಮುಖ ನೋಡಿದ. ಅಲ್ಲಿ ಅವನು ಅಂಜಿದ್ದ ಅಳು ಇರಲಿಲ್ಲ, ಸಿಟ್ಟಿತ್ತು.

"ಒಂಬತ್ತು ವರ್ಷ," ಎಂದಳು. "ಒಂಬತ್ತು ವರ್ಷ ಅವರ ಪ್ರಾಣ ತಿಂದಿದ್ದೀನಿ. ಕಣ್ಣು ಮಂಜು ಅಂತ ಅವರೇ ಅಂದ್ರಲ್ಲ. ಏಣಿ ಹತ್ತಬೇಡಿ, ಸಂಜೆ ವ್ಯಾನು ಓಡಿಸಬೇಡಿ ಅಂದೆ. ಕನ್ನಡಕ ಮಾಡಿಸ್ಕೊಂಡು ಬರೋವರೆಗೂ ಊಟಕ್ಕೆ ಬಡಿಸಲ್ಲ ಅಂದೆ. ಯಾರ ಮುಂದೆ ಬೇಕಾದ್ರೂ 'ಇವರಿಗೆ ಕಣ್ಣು ಕಾಣಲ್ಲ' ಅಂತಿದ್ದೆ. ನೀನು ಬಂದು ಕೂತು, ಕಾಫಿ ಕುಡಿದು, ಕೇಳಿಸ್ಕೊಂಡು ಹೋಗ್ತಿದ್ದೆ."

"ಹೌದು ಅಕ್ಕ."

"ಗಾಡಿ ಬರೋ ಹೊತ್ತಾಯ್ತು. ಕೈಲಿರೋದನ್ನ ಮುಗಿಸು." ಅವಳು ಲೋಟಗಳನ್ನು ಒಂದರೊಳಗೊಂದು ಇಟ್ಟುಕೊಂಡು ಒಳಗೆ ಹೋದಳು.

ಪುಟ್ಟ ಟೈಲರನನ್ನು ಕೂಗಿ ಒಂದೇ ಬದಿ ಅಂಟುವ ಸಾಮಾನ್ಯ ಟೇಪಿನ ಚೂರೊಂದನ್ನು ಕೇಳಿ ಪಡೆದ. ಕಾಗದದ ಮೂಲೆಗೆ ಅದನ್ನು ಅಂಟಿಸಿ, ಉಗುರಿನ ಬೆನ್ನಿನಿಂದ ಚೆನ್ನಾಗಿ ತೀಡಿ, ಥಟ್ಟನೆ ಎಳೆದ. ಬರಲಿಲ್ಲ. ಇನ್ನೊಮ್ಮೆ. ಮತ್ತೊಮ್ಮೆ. ನಾಲ್ಕನೆಯ ಸಲ ಮೂಲೆಯಲ್ಲಿ ಕೂದಲೆಳೆಯಷ್ಟು ಕಾಗದ ಎದ್ದಿತು. ಅಲ್ಲಿಂದ ಮುಂದೆ ಅವನು ಅವಸರ ಮಾಡಲಿಲ್ಲ. ಕಾಗದವನ್ನು ಅದರ ಬೆನ್ನಿನ ಮೇಲೇ ಮಡಚಿ ಇಷ್ಟಿಷ್ಟೇ ಎಳೆಯುತ್ತ ಹೋದ. ಹೆಂಗಸು ಕುರ್ಚಿಯಿಂದ ಬಗ್ಗಿ, ಒಳ್ಳೆಯ ಕೈಯಿಂದ ಫಲಕದ ಇನ್ನೊಂದು ಅಂಚನ್ನು ಅಲುಗದಂತೆ ಹಿಡಿದುಕೊಂಡಳು. ಎರಡನೆಯ ಪಟ್ಟಿಯ ಕಾಗದವನ್ನೂ ಅವನು ಹಾಗೆಯೇ ಬಿಡಿಸಿದ.

ನಡುಮನೆಯಲ್ಲಿ ಅವನು ಅಕ್ಕನ ಮುಂದೆ ಅಂಗೈ ಚಾಚಿದ. ಎರಡು ಬಿಳಿ ಕಾಗದ, ಎಲ್ಲೂ ಹರಿಯದೆ ಸುರುಳಿ ಸುತ್ತಿಕೊಂಡಿದ್ದವು.

"ಎರಡೂ ಬಂತು. ನೋಡು."

ಅವಳು ಒಂದೊಂದನ್ನೇ ಬಿಡಿಸಿ ನೋಡಿದಳು. "ಹೂಂ. ಹಾಕು."

ಮುಚ್ಚಳದ ಮೇಲೆ ಫಲಕವನ್ನಿಟ್ಟು, ಎರಡೂ ಅಂಗೈಗಳಿಂದ ಒತ್ತಿ ಹಿಡಿದು, ಮನಸ್ಸಿನಲ್ಲೇ ಮೂವತ್ತರವರೆಗೆ ಎಣಿಸಿದ. ಗಾಡಿಯವರು ಬಂದು ಹೊರಡೋಣವೇ ಎಂದರು. ಅವನು ಕೈ ತೆಗೆಯಲಿಲ್ಲ. ಇನ್ನೊಮ್ಮೆ ಮೂವತ್ತು ಎಣಿಸಿದ.

*

ಮಣ್ಣು ಮಾಡಿ ಬರುವಷ್ಟರಲ್ಲಿ ಮೂರು ಗಂಟೆ. ಜನ ಒಬ್ಬೊಬ್ಬರಾಗಿ ಕರಗಿದರು. ಹೊರಡುವ ಮುನ್ನ ಹೆಂಗಸು ಪುಟ್ಟನಿಗೆ, "ಬಸ್ ಸ್ಟಾಪ್ ದೂರ ಇದೆ," ಎಂದಷ್ಟೇ ಹೇಳಿದಳು. ಅವನು ಭಾವನ ವ್ಯಾನಿನಲ್ಲಿ ಆಕೆಯನ್ನು ಮನೆಗೆ ಬಿಟ್ಟು ಬಂದ.

ಬಂದಾಗ ಅಕ್ಕ ಅಡುಗೆಮನೆಯಲ್ಲಿ ಒಬ್ಬಳೇ ಇದ್ದಳು. ಪಾತ್ರೆ ರಾಶಿ ಬಿದ್ದಿತ್ತು. ಕೈಯಲ್ಲಿ ಭಾವನ ಕನ್ನಡಕವಿತ್ತು. ಬದುಕಿರುವ ತನಕ ಅದನ್ನು ಅವರು ಯಾರ ಕೈಗೂ ಕೊಟ್ಟವರಲ್ಲ. ಗೀರು ಬೀಳುತ್ತದೆ ಎಂದು ತಾವೇ ಒರೆಸಿ, ತಾವೇ ಡಬ್ಬಿಗೆ ಹಾಕಿಡುತ್ತಿದ್ದರು.

ಪುಟ್ಟ ಬಾಗಿಲಲ್ಲೇ ನಿಂತ. ಅಕ್ಕ ಕನ್ನಡಕವನ್ನು ಸೆರಗಿನಿಂದ ಒರೆಸಿ ಕಣ್ಣಿಗೆ ಹಾಕಿಕೊಂಡಳು. ಮೊದಲು ಗೋಡೆಯ ಕ್ಯಾಲೆಂಡರು ನೋಡಿದಳು. ಆಮೇಲೆ ಉಪ್ಪಿನ ಪೊಟ್ಟಣ ಎತ್ತಿಕೊಂಡು ಅದರ ಮೇಲಿನ ಸಣ್ಣ ಅಕ್ಷರ ಓದಿದಳು. ಕನ್ನಡಕ ತೆಗೆದು ಓದಿದಳು, ಮತ್ತೆ ಹಾಕಿಕೊಂಡು ಓದಿದಳು. ಕೊನೆಗೆ ತಿರುಗಿ ತಮ್ಮನನ್ನು ದಿಟ್ಟಿಸಿದಳು. ಗಾಜಿನ ಹಿಂದೆ ಅವಳ ಕಣ್ಣು ದೊಡ್ಡದಾಗಿಯೂ ಕಾಣಲಿಲ್ಲ, ಚಿಕ್ಕದಾಗಿಯೂ ಕಾಣಲಿಲ್ಲ. ಯಾವಾಗಲೂ ಇರುವಷ್ಟೇ ಇತ್ತು.

"ಬರೀ ಗಾಜು ಕಣೋ, ಪವರೇ ಇಲ್ಲ," ಎಂದಳು.

ಅವಳು ಅದನ್ನು ತೆಗೆಯಲಿಲ್ಲ. ನಲ್ಲಿ ತಿರುಗಿಸಿ, ಕನ್ನಡಕ ಹಾಕಿಕೊಂಡೇ ಲೋಟಗಳನ್ನು ತೊಳೆಯತೊಡಗಿದಳು. ಪುಟ್ಟ ತನ್ನ ಅಂಗಿಯ ತೋಳು ಮಡಿಸಿಕೊಂಡು ಪಕ್ಕಕ್ಕೆ ಬಂದು ನಿಂತ. ತೊಳೆದ ಮೊದಲ ಲೋಟವನ್ನು ಅವಳು ಅವನ ಕಡೆ ನೋಡದೆ ಚಾಚಿದಳು. ಅವನು ಅದನ್ನು ಒರೆಸಿ ಬೋರಲು ಹಾಕಿದ.