ಕೊನೆಯ ಅಧ್ಯಾಯಕ್ಕೆ ಎದ್ದ ಕೈ

ನನ್ನ ಅಪ್ಪ ನೀಲಕಂಠಪ್ಪ ತಾರಿಹಾಳದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಲೇತ್ ಯಂತ್ರ ಓಡಿಸಿದವನು. ನಿವೃತ್ತನಾದ ಮೇಲೆ ಯುರೋಪಿನ ಸಂಸತ್ತಿನಲ್ಲಿದ್ದ ಕಮ್ಯುನಿಸ್ಟ್ ಗುಂಪಿನ ಚರಿತ್ರೆ ಬರೆಯಲು ಕೂತ. ಊರ ಉಸಾಬರಿ ಇವನಿಗೇಕೆ ಎಂದು ಓಣಿಯವರು ನಕ್ಕರು. ಆರು ವರ್ಷ ನಿಘಂಟು ಹಿಡಿದು ಅವನು ಹೇಳಿದ, ನಾನು ಟೈಪ್ ಮಾಡಿದೆ.

ಅವನ ಜೀವವೆಲ್ಲ ಕೊನೆಯ ಅಧ್ಯಾಯದಲ್ಲಿತ್ತು. ಹಲವು ದೇಶಗಳ ಪಕ್ಷಗಳು 1973ರಲ್ಲಿ ಕಟ್ಟಿದ ಆ ಗುಂಪು 1989ರಲ್ಲಿ ಒಡೆಯಿತು. ಇಟಲಿಯವರದೊಂದು ದಾರಿ, ಫ್ರಾನ್ಸಿನವರದೊಂದು. ಯಾಕೆ ಒಡೆಯಿತೆಂದು ಅಪ್ಪ ಯಾರ ಮುಲಾಜೂ ಇಲ್ಲದೆ ಬರೆಸಿದ್ದ.

ಪುಸ್ತಕ ಅಚ್ಚಾಗಲು ಅಪ್ಪ ನಲವತ್ತು ವರ್ಷದಿಂದ ಇರುವ ಕಮ್ಯುನಿಸ್ಟ್ ಪಕ್ಷದ ಊರ ಸಮಿತಿ ಒಪ್ಪಬೇಕು. ಹೋದ ಭಾನುವಾರ ಕಮರಿಪೇಟೆಯ ಆಫೀಸಿನಲ್ಲಿ ಅಪ್ಪನೂ ಸೇರಿ ಐವರು ಕೂತರು. ಪ್ರತಿಗಳನ್ನು ಹಂಚಿ ನಾನು ಬಾಗಿಲ ಬಳಿ ಕೂತೆ.

"ಕೊನೀ ಅಧ್ಯಾಯ ಬ್ಯಾಡ್ರಿ," ಎಂದರು ಕಾರ್ಯದರ್ಶಿ ಬಿಂದುಮಾಧವ. "ಓದಿದವ್ರು ನಮ್ಮ ತಾರಿಹಾಳದ ಯೂನಿಯನ್ ಒಡದದ್ದು ನೆನಸ್ತಾರ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಆ ಯೂನಿಯನ್ ಒಡೆದದ್ದೇ ಇವರ ಹಟದಿಂದ.

"ನೆನಸ್ಲಿ ಬಿಡ್ರಿ, ಖರೇ ಬರದಾರ," ಎಂದರು ಸಮಿತಿಯ ಅಬೀದಾ. ಶಿದ್ದಪ್ಪನೂ ಅವರ ಕಡೆಗೇ. ಹನುಮೇಶ ಎಂದಿನಂತೆ ಕಾರ್ಯದರ್ಶಿಯ ಬಾಲ. ಅಧ್ಯಾಯ ತೆಗೆಯಲು ಮೂರು ಕೈ ಬೇಕು, ಇದ್ದದ್ದು ಎರಡೇ. ಅಪ್ಪ ಸುಮ್ಮನೆ ಕೂತಿದ್ದರೆ ಸಾಕಿತ್ತು.

ಬಿಂದುಮಾಧವ ಎದ್ದು ನಿಂತರು. "ಪಕ್ಷದ ಹಿತಕ್ಕಾಗಿ, ಅಧ್ಯಾಯ ತಗಿಯೂದಕ್ಕ ಒಪ್ಪಿದವ್ರು ಕೈ ಎತ್ರಿ."

ಪಕ್ಷದ ಹಿತ ಎಂಬ ಆ ಎರಡು ಶಬ್ದ ಕಿವಿಗೆ ಬಿದ್ದಾಗಲೆಲ್ಲ ನಲವತ್ತು ವರ್ಷ ಎತ್ತಿದ ಕೈ ಅಪ್ಪನದು. ಎದ್ದೇಬಿಟ್ಟಿತು. ಅಪ್ಪ ಅದನ್ನು ಬೇರೆ ಯಾರದೋ ಕೈ ಎಂಬಂತೆ ನೋಡಿದ. ಇಳಿಸಬಹುದಿತ್ತು, ಇಳಿಸಲಿಲ್ಲ.

"ನಿಮ್ಮ ಸಲುವಾಗಿ ನಾವು ಜಗಳಾಡಿದ್ವಿ, ಕಾಮ್ರೇಡ್," ಎಂದರು ಅಬೀದಾ. ಹನುಮೇಶ ಎಲ್ಲ ಪ್ರತಿಗಳಿಂದ ಆ ಹಾಳೆಗಳನ್ನು ಕಿತ್ತು ಕಪಾಟಿನಲ್ಲಿಟ್ಟು ಬೀಗ ಹಾಕಿದ. ನನಗೆ ಸಿಟ್ಟು ಬಂತು. ಅವರ ಮೇಲಲ್ಲ, ಅಪ್ಪನ ಮೇಲೆ.

ಮನೆಗೆ ಹೊರಟಾಗ ಅವನು ನನ್ನ ಸ್ಕೂಟಿಯ ಹಿಂದೆ ಕೂತ. ದಾರಿಯಲ್ಲಿ ಕೇಳಿದ, "ಸೌಮ್ಯಾ, ಆ ಅಧ್ಯಾಯ ಕಂಪ್ಯೂಟರಿನ್ಯಾಗ ಐತಲ್ಲ?"

"ಇಲ್ಲಪ್ಪಾ. ಅಲ್ಲೇ ಕುಂತು ಫೋನಿನ್ಯಾಗಿಂದನ ಅಳಿಸಿಬಿಟ್ಟೆ. ಪಕ್ಷದ ಹಿತಕ್ಕಾಗಿ."

ಸುಳ್ಳು. ಒಂದಕ್ಷರವನ್ನೂ ನಾನು ಅಳಿಸಿರಲಿಲ್ಲ.

"ಛಲೋ ಮಾಡಿದಿ," ಎಂದ ಅಪ್ಪ. ನನ್ನ ಹೆಗಲ ಮೇಲಿದ್ದ ಕೈಯನ್ನು ಇಳಿಸಿಕೊಂಡ. ನಿಜ ಹೇಳಿಬಿಡೋಣ ಎನಿಸಿತು, ಸಿಟ್ಟು ಬಿಡಲಿಲ್ಲ. ಇವತ್ತಿಗೂ ಹೇಳಿಲ್ಲ.