ಹೊಸಬರ ಅಳತೆ

ನಾನು ಒಂದು ಹಿತ್ತಾಳೆಯ ಚಮಚ. ಪಾಯಸ ಬಡಿಸುವ ಚಮಚವಲ್ಲ. ಹೆಬ್ಬೆರಳಿನ ಅರ್ಧದಷ್ಟು ಉದ್ದದ ಒಂದು ಪುಟ್ಟ ಬಟ್ಟಲು, ಅದಕ್ಕೆ ಬೆಸುಗೆ ಹಾಕಿದ ಒಂದು ತಂತಿಯ ಹಿಡಿಕೆ, ಇಷ್ಟೇ ನನ್ನ ಆಸ್ತಿ. ರೈಫಲ್ಲಿನ ಕಾಡತೂಸಿಗೆ ಮದ್ದು ತುಂಬುವುದನ್ನು ಹೊಸದಾಗಿ ಕಲಿಯುವವರಿಗೆ ಎಷ್ಟು ಮದ್ದು ಸಾಕು ಎಂದು ತೋರಿಸುವುದು ನನ್ನ ಕೆಲಸವಾಗಿತ್ತು. ಆಗಿತ್ತು ಎನ್ನುವಾಗ ಈಗಲೂ ನನಗೆ ಸಂಕಟವಾಗುತ್ತದೆ.

ಹುಟ್ಟುವಾಗ ನಾನು ಚಮಚವಾಗಿರಲಿಲ್ಲ. ಯಾವುದೋ ಕಾರ್ಖಾನೆಯಲ್ಲಿ ಸಾವಿರಾರು ಒಡಹುಟ್ಟಿದವರ ಜೊತೆ ಕಾಡತೂಸಿನ ಕೇಸಾಗಿ, ಅಂದರೆ ಮದ್ದು ತುಂಬುವ ಹಿತ್ತಾಳೆಯ ಹೊರಕವಚವಾಗಿ ಹುಟ್ಟಿದೆ. ಬೆಳಗಾವಿಯ ಹೊರಗೆ, ಒಂದು ಗುಡ್ಡದ ಮಗ್ಗುಲಿಗಿದ್ದ ರೈಫಲ್ ಕ್ಲಬ್ಬಿಗೆ ಬಂದು ಸೇರಿದೆ. ಅಲ್ಲಿ ಯಾರೋ ನನ್ನನ್ನು ಬಂದೂಕಿಗಿಟ್ಟು ಹೊಡೆದರು. ರೆಪ್ಪೆ ಮಿಟುಕಿಸುವಷ್ಟರಲ್ಲಿ ಗುಂಡು ತನ್ನ ದಾರಿ ಹಿಡಿಯಿತು, ನಾನು ಸಿಮೆಂಟಿನ ನೆಲದ ಮೇಲೆ ಟಣ್ಣನೆ ಬಿದ್ದೆ. ಕತ್ತು ಸೀಳಿಹೋಗಿತ್ತು. ಕತ್ತು ನೆಟ್ಟಗಿರುವ ಕೇಸಿಗೆ ಮತ್ತೆ ಮದ್ದು ತುಂಬಿ ಬಳಸುತ್ತಾರೆ, ಸೀಳಿದ್ದನ್ನು ಗುಜರಿ ಡಬ್ಬಿಗೆ ಎಸೆಯುತ್ತಾರೆ. ನನ್ನನ್ನೂ ಎಸೆದರು.

ಆ ಡಬ್ಬಿಯಿಂದ ನನ್ನನ್ನು ಎತ್ತಿಕೊಂಡವನು ಗದಿಗೆಪ್ಪ ಕಂಬಾರ. ಮಿಲಿಟರಿಯಲ್ಲಿ ಬಂದೂಕು ರಿಪೇರಿ ಮಾಡುತ್ತಿದ್ದವನು. ನಿವೃತ್ತನಾದ ಮೇಲೆ ಕ್ಲಬ್ಬಿನಲ್ಲಿ ಅದೇ ಕೆಲಸ ಹಿಡಿದಿದ್ದ. ಎಡಗಾಲನ್ನು ತುಸು ಎಳೆದು ನಡೆಯುತ್ತಿದ್ದ, ಬಲಗಣ್ಣು ಗಾಜಿನದು. ಆ ಕಣ್ಣು ಒಂದು ಕಡೆ, ಇನ್ನೊಂದು ಕಣ್ಣು ಇನ್ನೊಂದು ಕಡೆ ನೋಡುತ್ತಿದ್ದರಿಂದ ಅವನು ಯಾರನ್ನು ಬೈಯುತ್ತಿದ್ದಾನೆಂದು ಕ್ಲಬ್ಬಿನವರಿಗೆ ಬೇಗ ತಿಳಿಯುತ್ತಿರಲಿಲ್ಲ. ಹಾಗಾಗಿ ಎಲ್ಲರೂ ಹೆದರುತ್ತಿದ್ದರು.

ಅವನು ನನ್ನ ಸೀಳಿದ ಕತ್ತನ್ನು ಗರಗಸದಿಂದ ಕೊಯ್ದು ತೆಗೆದ. ಆಮೇಲೆ ಅರದಿಂದ ಒಂದಿಷ್ಟು ಉಜ್ಜುವುದು, ನನ್ನೊಳಗೆ ಮದ್ದು ತುಂಬಿ ತಕ್ಕಡಿಗೆ ಸುರಿಯುವುದು, ತಲೆಯಾಡಿಸುವುದು, ಮತ್ತೆ ಉಜ್ಜುವುದು. ಅವನ ಮುಂದೆ ಮದ್ದಿನ ಕಂಪನಿಯ ಪುಸ್ತಕ ತೆರೆದಿತ್ತು. ಅದರಲ್ಲಿ ಅತಿ ಕಡಿಮೆಯಿಂದ ಅತಿ ಹೆಚ್ಚಿನವರೆಗೆ ಅಂಕಿಗಳ ಸಾಲಿತ್ತು. ಬೇರೆಯವರ ಬೆರಳು ಸಾಲಿನ ಕೊನೆಗೆ ಓಡುತ್ತಿತ್ತು, ಗದಿಗೆಪ್ಪನ ಬೆರಳು ಮೊದಲ ಅಂಕಿಯನ್ನು ಬಿಟ್ಟು ಅಲುಗಲಿಲ್ಲ. ಆ ಅಂಕಿಗೆ ನನ್ನ ಹೊಟ್ಟೆ ಹೊಂದುವ ಹೊತ್ತಿಗೆ ಮಧ್ಯಾಹ್ನದ ಊಟದ ಹೊತ್ತು ಮೀರಿತ್ತು.

ಇಲ್ಲೊಂದು ವಿಷಯ ಹೇಳಬೇಕು. ಮದ್ದುಗಳಲ್ಲಿ ಹಲವು ಜಾತಿ. ನೋಡಲು ಎಲ್ಲವೂ ಬೂದು ಬಣ್ಣದ ನುಚ್ಚೇ. ಆದರೆ ಒಂದು ತಾಳ್ಮೆಯಿಂದ ಉರಿಯುತ್ತದೆ, ಇನ್ನೊಂದು ಧಗ್ಗೆಂದು ಉರಿದು ಬಂದೂಕನ್ನೇ ಸಿಡಿಸುತ್ತದೆ. ನನ್ನನ್ನು ಅಳೆದು ಮಾಡಿದ್ದು ಒಂದೇ ಒಂದು ಮದ್ದಿಗೆ. ಅದರ ಹೆಸರನ್ನು ಗದಿಗೆಪ್ಪ ಒಂದು ಚೀಟಿಯಲ್ಲಿ ಬರೆದು ನನ್ನ ಹಿಡಿಕೆಗೆ ಕಟ್ಟಿದ. ಬೇರೆ ಮದ್ದಿನ ಪಾಲಿಗೆ ನಾನು ಶುದ್ಧ ಸುಳ್ಳುಗಾರ.

ಹಲವರ ಕೈ ದಾಟಿ ನಾನು ಮಂದಾಕಿನಿಯ ಕೈಗೆ ಬಂದೆ. ಅವಳು ಹೈಸ್ಕೂಲಿನ ಪಿ.ಟಿ. ಟೀಚರು. ಬೆರಳುಗಳಿಗೆ ಸದಾ ಸೀಮೆಸುಣ್ಣದ ವಾಸನೆ. ಮುನ್ನೂರು ಮೀಟರಿನ ಸ್ಪರ್ಧೆಯಲ್ಲಿ ಗೆಲ್ಲಬೇಕೆಂಬ ಹಟ, ಅದಕ್ಕೆ ತಕ್ಕ ಅವಸರ. ನನ್ನನ್ನು ಮದ್ದಿನಲ್ಲಿ ಅದ್ದಿ, ಒಂದು ರಟ್ಟಿನ ಅಂಚಿನಿಂದ ಮೇಲ್ಭಾಗವನ್ನು ಸಮ ಮಾಡಿ, ಕೇಸಿಗೆ ಸುರಿಯಬೇಕು. ಅವಳು ಅದನ್ನು ಒಂದೇ ದಿನದಲ್ಲಿ ಕಲಿತಳು. ಕಾಯುವುದನ್ನು ಮಾತ್ರ ಕಲಿಯಲಿಲ್ಲ.

"ಕಾಕಾ, ನನ್ನ ಗುಂಡು ಎಲ್ಲಾ ಕೆಳಗ ಬೀಳಾಕತ್ತಾವ" ಎಂದು ದೂರಿದಳು.

"ಬೀಳಲಿ. ಕಣ್ಣಿಗಿ ಬಡಿಯೂದಕಿಂತ ಮಣ್ಣಿಗಿ ಬಡಿಯೂದು ಚಲೋ" ಎಂದ ಗದಿಗೆಪ್ಪ.

ಒಂದು ಭಾನುವಾರ ಬೆಳಿಗ್ಗೆ ಅವನು ಚಹಾ ಕುಡಿಯಲು ಹೊರಗೆ ಹೋಗಿದ್ದಾಗ ಅವಳು ರಟ್ಟನ್ನು ಪಕ್ಕಕ್ಕಿಟ್ಟಳು. ನನ್ನನ್ನು ಮೇಜಿಗೆ ಕುಟ್ಟಿ ಕುಟ್ಟಿ, ಮದ್ದು ಒತ್ತಾಗಿ ಕೂತ ಮೇಲೆ ಮತ್ತಷ್ಟು ಗುಡ್ಡೆ ಹಾಕಿ ತುಂಬಿದಳು. ಅಳತೆಗೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಹೀಗೆ ಇಪ್ಪತ್ತು ಕಾಡತೂಸು ತಯಾರಾದವು. ಗದಿಗೆಪ್ಪ ಬಂದವನೇ ಮೇಜಿನ ಮೇಲೆ ಚೆಲ್ಲಿದ್ದ ನಾಲ್ಕು ಕಾಳು ಮದ್ದು ನೋಡಿದ. ಕಾಡತೂಸಿನಿಂದ ಗುಂಡನ್ನು ಕುಟ್ಟಿ ಬಿಚ್ಚುವ ಸುತ್ತಿಗೆಯನ್ನು ಅವಳ ಮುಂದಿಟ್ಟ. ಇಪ್ಪತ್ತನ್ನೂ ಒಂದೊಂದಾಗಿ ಬಿಚ್ಚುವ ಹೊತ್ತಿಗೆ ಅವಳ ಕಣ್ಣಲ್ಲಿ ನೀರಾಡುತ್ತಿತ್ತು.

ಆಗ ಅವನು ಸ್ಟೂಲು ಎಳೆದುಕೊಂಡು ಕುಳಿತ.

"ಈ ಕಣ್ಣ ಹೆಂಗ ಹೋತು ಅಂತ ನೀ ಒಂದಿನಾನೂ ಕೇಳಲಿಲ್ಲ. ಯುದ್ಧದಾಗ ಹೋತು ಅಂತ ಎಲ್ಲಾರೂ ತಿಳ್ಕೊಂಡಾರ. ನಾನೂ ಹೂಂ ಅಂದೀನಿ. ಯುದ್ಧಾನೂ ಇಲ್ಲ, ಏನೂ ಇಲ್ಲ. ನನ್ನ ಕೈಯಾರೆ ತುಂಬಿದ ಕಾಡತೂಸ ಅದು. ಚಮಚಾ ಸರಿ ಇತ್ತು, ಮದ್ದ ಬ್ಯಾರೆ ಇತ್ತು. ಡಬ್ಬಿ ಮ್ಯಾಲಿನ ಚೀಟಿ ಓದಲಿಲ್ಲ ನಾ. ಇದ ಇರಬೇಕು ಅಂದೆ."

ಆ ದಿನದಿಂದ ಮಂದಾಕಿನಿಯ ಕೈಯ ಅವಸರ ಹೋಯಿತು. ನನ್ನನ್ನು ಹಿಡಿಯುವ ಬೆರಳುಗಳು ಎಷ್ಟು ಹಗುರಾದವೆಂದರೆ, ನಾನು ತುಂಬಿದ್ದೇನೆಯೇ ಖಾಲಿಯೇ ಎಂಬುದು ನನಗೇ ಮರೆಯುತ್ತಿತ್ತು. ಬಂದೂಕಿನ ಗುರಿಯನ್ನು ಆ ಸಣ್ಣ ಅಳತೆಗೆ ತಕ್ಕಂತೆ ತಿದ್ದಿಕೊಂಡಳು. ಮಳೆಗಾಲಕ್ಕೆ ಮೊದಲು ಅವಳ ಐದು ಗುಂಡುಗಳು ಒಂದು ಅಂಗೈ ಮುಚ್ಚುವಷ್ಟು ಜಾಗದಲ್ಲಿ ಬಿದ್ದವು. ಗದಿಗೆಪ್ಪ ಆ ಗುರಿಯ ಕಾಗದವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಆಮೇಲೆ ಯಾರೂ ನಿರೀಕ್ಷಿಸದ ಮಾತು ಹೇಳಿದ.

"ಇಪ್ಪತ್ತೇಳು ವರ್ಷಾತು, ನಾ ಒಂದ ಗುಂಡ ಸೈತ ಹೊಡದಿಲ್ಲ ಮಂದವ್ವಾ. ರಿಪೇರಿ ಮಾಡ್ತೀನಿ, ಮತ್ತೊಬ್ಬರಿಗಿ ಕೊಡ್ತೀನಿ. ಹೊಡೀಬೇಕು ಅಂತ ಜೀಂವ ಬಡಕೋತೈತಿ. ಈ ಸಲ ದಸರಾದ ಬನ್ನಿ ಹಬ್ಬದ ದಿನ ಎಡಗಣ್ಣಿಲೆ ಒಂದ ಗುಂಡು ಹೊಡೀತೀನಿ. ಕಾಡತೂಸ ನೀನ ತುಂಬಬೇಕು."

"ನಾನಾ? ಬ್ಯಾಡ ಕಾಕಾ, ನನ್ನ ಕೈ ನಡಗತಾವ."

"ನನ್ನ ಕೈ ಮ್ಯಾಲ ನನಗ ನಂಬಿಕಿ ಇಲ್ಲ. ನಿನ್ನ ಕೈ ಮ್ಯಾಲ ಐತಿ."

ಅವನ ಉಳಿದ ಒಂದು ಕಣ್ಣನ್ನು ಅವಳ ಕೈಗೆ ಕೊಟ್ಟಂತಾಯಿತು. ಅವಳ ಕೈ ಎಂದರೆ ನಾನೂ ಸೇರಿದೆನಲ್ಲ. ನನಗೆ ಹೆಮ್ಮೆ ಉಕ್ಕಿತು. ಅವಳು ಒಂದು ಒಳ್ಳೆಯ ಕೇಸನ್ನು ಆರಿಸಿ, ಒರೆಸಿ, ತಳಕ್ಕೆ ಕಿಡಿ ಹೊತ್ತಿಸುವ ಹೊಸ ಕೇಪು ಕೂರಿಸಿ ನನ್ನ ಪಕ್ಕದಲ್ಲೇ ಇಟ್ಟಳು. ಹಬ್ಬದ ಬೆಳಿಗ್ಗೆ ಮದ್ದು ತುಂಬಿ ಗುಂಡು ಕೂರಿಸುವುದೊಂದೇ ಬಾಕಿ.

ಆದರೆ ಆ ವರ್ಷದ ಮಳೆಗೆ ಗುಂಡು ತಡೆಯುವ ಮಣ್ಣಿನ ಗೋಡೆ ಕುಸಿಯಿತು. ಗೋಡೆ ಮತ್ತೆ ಕಟ್ಟುವವರೆಗೆ ಯಾರೂ ಗುಂಡು ಹೊಡೆಯಕೂಡದೆಂದು ಆಜ್ಞೆಯಾಯಿತು. ಕಪಾಟಿಗೆ ಬೀಗ ಬಿತ್ತು. ಒಳಗೆ ನಾನು, ಆ ಕೇಸು, ಎರಡು ಮದ್ದಿನ ಡಬ್ಬಿ. ಒಂದು ನನ್ನ ಮದ್ದಿನದು, ಇನ್ನೊಂದು ಪಿಸ್ತೂಲಿಗೆ ಹಾಕುವ, ಧಗ್ಗೆಂದು ಉರಿಯುವ ಮದ್ದಿನದು. ಬನ್ನಿ ಹಬ್ಬ ಬಂತೋ ಹೋಯಿತೋ ಕತ್ತಲಲ್ಲಿ ತಿಳಿಯಲಿಲ್ಲ. ಹೊರಗೆ ಹೆಜ್ಜೆ ಸಪ್ಪಳವಾದಾಗಲೆಲ್ಲ ಅವನೇ ಬಂದ ಎಂದುಕೊಳ್ಳುತ್ತಿದ್ದೆ. ಎಡಗಾಲನ್ನು ತುಸು ಎಳೆದು ನಡೆಯುವ ಆ ಸಪ್ಪಳ ಮಾತ್ರ ಕೇಳಿಸಲೇ ಇಲ್ಲ. ಸೀಮೆಸುಣ್ಣದ ವಾಸನೆಗೂ ಹಂಬಲಿಸಿದೆ. ತೇವ ಬಂತು, ತೇವದ ಹಿಂದೆಯೇ ಗೆದ್ದಲು ಬಂತು.

ಗೋಡೆ ಮತ್ತೆ ಎದ್ದು, ಹದಿನಾಲ್ಕು ತಿಂಗಳ ಮೇಲೆ ಕಪಾಟು ತೆರೆಯಿತು. ಮಂದಾಕಿನಿ ನಿಂತಿದ್ದಳು, ಜೊತೆಗೆ ಕ್ಲಬ್ಬಿನ ಕಾರ್ಯದರ್ಶಿ ಪೋತದಾರ. ಗದಿಗೆಪ್ಪ ಇರಲಿಲ್ಲ. ಯುಗಾದಿಯ ಹಿಂದಿನ ವಾರ ಎದೆನೋವಿನಿಂದ ಹೋಗಿಬಿಟ್ಟಿದ್ದ ಎಂಬುದು ಅವರಿಬ್ಬರ ಮಾತಿನಿಂದಲೇ ನನಗೆ ತಿಳಿದದ್ದು. ಅಂದು ಬನ್ನಿ ಹಬ್ಬ. ಅವನಿಗೆಂದು ತೆಗೆದಿಟ್ಟ ಆ ಕೇಸನ್ನು ಅವನದೇ ಮದ್ದಿನಿಂದ, ಅವನು ಮಾಡಿದ ಚಮಚದಿಂದ ತುಂಬಿ, ಅವನ ಹೆಸರಿನಲ್ಲಿ ಒಂದು ಗುಂಡು ಹೊಡೆಯಬೇಕೆಂದು ಅವಳು ಬಂದಿದ್ದಳು. ಅವನು ಹೋದಾಗಿನಿಂದ ಅದೊಂದೇ ಆಸೆ ಇಟ್ಟುಕೊಂಡಿದ್ದಳಂತೆ.

ಎರಡೂ ಡಬ್ಬಿಯ ಮೇಲಿನ ಚೀಟಿಗಳನ್ನು ಗೆದ್ದಲು ತಿಂದುಹಾಕಿತ್ತು. ನನ್ನ ಹಿಡಿಕೆಯ ಚೀಟಿಯೂ ಉಳಿದಿರಲಿಲ್ಲ.

ಅವಳು ಎರಡರಿಂದಲೂ ಚಿಟಿಕೆ ತೆಗೆದು ಬಿಳಿ ಕಾಗದದ ಮೇಲೆ ಹರಡಿ ನೋಡಿದಳು. ನನ್ನನ್ನು ಒಂದೊಂದರಲ್ಲಿ ಅದ್ದಿ ತಕ್ಕಡಿಗೆ ಹಾಕಿ, ತನ್ನ ಹಳೆಯ ನೋಟುಬುಕ್ಕಿನ ಅಂಕಿಗೆ ಹೋಲಿಸಿದಳು. ಒಂದು ಡಬ್ಬಿಯದು ಸರಿಯಾಗಿ ಹೊಂದಿತು. ಇನ್ನೊಂದು ಕೂದಲೆಳೆಯಷ್ಟು ಹೆಚ್ಚು.

"ಇದ ಇರಬೇಕ ಬಿಡ್ರಿ ಟೀಚರ. ತೂಕ ಹೊಂದೇತಲ್ಲ. ಒಂದ ಗುಂಡಿಗೆ ಏನಾಗತೈತಿ?" ಎಂದ ಪೋತದಾರ. ಪಾಪ, ಅವಳ ಮುಖ ನೋಡಲಾರದೆ ಹೇಳಿದ ಮಾತು ಅದು.

"ಹದಿನಾಕ ತಿಂಗಳ ಥಂಡ್ಯಾಗ ಕುಂತೈತಿ, ತೂಕಾನೂ ಬದಲಾಗಿರಬಹುದು. ತೂಕ ಒಂದ ಆದ್ರ ಮದ್ದೂ ಒಂದ ಅಂತ ಹೆಂಗ ಹೇಳೂದ್ರಿ?" ಎಂದಳು ಅವಳು.

ಆದರೂ ಕೈ ತಡೆಯಲಿಲ್ಲ. ಹೊಂದಿದ ಡಬ್ಬಿಯಿಂದ ನನ್ನನ್ನು ತುಂಬಿ, ರಟ್ಟಿನಿಂದ ಸಮ ಮಾಡಿ, ಕೇಸಿನ ಬಾಯಿಯವರೆಗೆ ತಂದಳು. ಆ ಕಾಳುಗಳು ನನ್ನೊಳಗೆ ಕೂತ ರೀತಿಯಲ್ಲೇ ನನಗೆ ಗುರುತು ಸಿಕ್ಕಿತು. ಅದು ನನ್ನ ಮದ್ದೇ! ಸುರಿಯವ್ವಾ, ಸುರಿ ಎಂದು ನನ್ನ ಹಿತ್ತಾಳೆಯೆಲ್ಲ ಕೂಗಿಕೊಂಡಿತು. ಅವಳು ಎಷ್ಟು ಹೊತ್ತು ನನ್ನನ್ನು ಹಾಗೇ ಹಿಡಿದುಕೊಂಡಿದ್ದಳೋ, ಪೋತದಾರ ಒಮ್ಮೆ ಕೆಮ್ಮಿದ.

ಅವಳು ನನ್ನನ್ನು ಹಿಂದಕ್ಕೆ ತಂದು ಮದ್ದನ್ನು ಡಬ್ಬಿಗೇ ಸುರಿದಳು. ನನ್ನನ್ನೂ ಎರಡೂ ಡಬ್ಬಿಗಳನ್ನೂ ಹೊರಗೆ ಒಯ್ದು, ಮದ್ದನ್ನೆಲ್ಲ ಗುಡ್ಡದ ಬುಡದ ಕೆಂಪು ಮಣ್ಣಿನಲ್ಲಿ ಬೀಜ ಚೆಲ್ಲುವಂತೆ ತೆಳ್ಳಗೆ ಚೆಲ್ಲಿದಳು. ಕೊಡ ತಂದು ನೀರು ಹಾಕಿದಳು. ಆಮೇಲೆ ಅಲ್ಲೇ ಕುಳಿತು ಬಿಕ್ಕಿ ಬಿಕ್ಕಿ ಅತ್ತಳು. ಅವನು ಹೋದ ದಿನ ಅತ್ತಿದ್ದಳೋ ಇಲ್ಲವೋ ಗೊತ್ತಿಲ್ಲ, ನಾನು ಕಂಡದ್ದು ಇದೊಂದೇ ಅಳು. ಆ ಹಬ್ಬದ ದಿನ ಅಲ್ಲಿ ಗುಂಡಿನ ಸದ್ದು ಕೇಳಲಿಲ್ಲ.

ಈಗ ಹೊಸಬರಿಗೆ ಕಲಿಸುವವಳು ಅವಳೇ. ಹೊಸ ಮದ್ದು ಬಂದಿದೆ, ಹೊಸ ಪುಸ್ತಕ ಬಂದಿದೆ. ಪುಸ್ತಕದ ಮೊದಲ ಅಂಕಿಯಿಂದ ಆಚೆಗೆ ಅವಳ ಬೆರಳು ಹೋಗಿದ್ದನ್ನು ನಾನು ನೋಡಿಲ್ಲ. ನನ್ನ ಮದ್ದು ಈಗ ಎಲ್ಲೂ ಸಿಗುವುದಿಲ್ಲವಂತೆ. ನನ್ನನ್ನು ಮೇಜಿನ ಹಿಂದಿನ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ್ದಾಳೆ. ಮಧ್ಯಾಹ್ನ ಕಿಟಕಿಯಿಂದ ಬಿಸಿಲು ಬಂದಾಗ ಒಂದಿಷ್ಟು ಹೊಳೆಯುತ್ತೇನೆ. ಯಾರೂ ಇಲ್ಲದಾಗ ಅವಳು ಒಮ್ಮೊಮ್ಮೆ ನನ್ನ ಧೂಳು ಒರೆಸುತ್ತಾಳೆ.

ಒಂದು ಸಲ, ಒಂದೇ ಒಂದು ಸಲ ತುಂಬಿಕೊಳ್ಳಬೇಕೆಂಬ ಆಸೆ ನನಗೆ ಹೋಗಿಲ್ಲ. ಅಂದು ಅವಳ ಕೈಯಲ್ಲಿದ್ದದ್ದು ಸರಿಯಾದ ಮದ್ದೇ, ಅವಳಿಗೆ ಅದು ತಿಳಿಯಲಿಲ್ಲವಲ್ಲ ಎಂದು ಬಹಳ ದಿನ ಕೊರಗಿದೆ. ಈಗ ಅಷ್ಟು ಗಟ್ಟಿಯಾಗಿ ಹೇಳಲಾರೆ. ಅದು ನನ್ನ ಮದ್ದೇ ಆಗಿತ್ತೋ, ಗದಿಗೆಪ್ಪನನ್ನು ಕಾದು ಕಾದು ನನಗೆ ಹಾಗೆ ಅನ್ನಿಸಿತೋ, ಯಾರಿಗೆ ಗೊತ್ತು?