ಮುನಿರಾಮಪ್ಪನ ಹೆಸರಿನ ಚೀಟಿಗಳು

ಗುರುವಾರ ಬೆಳಗಿನ ಐದಕ್ಕೆ ಎದ್ದ ಸರ್ವಮಂಗಳಾ ಔಷಧಿಯ ಸೀಸೆಯನ್ನು ಬಿಸಿನೀರಿನಲ್ಲಿ ತೊಳೆದು ಅಡುಗೆಮನೆಯ ಕಿಟಕಿಯಲ್ಲಿ ಬೋರಲು ಹಾಕಿದಳು. ಡಿಸ್ಪೆನ್ಸರಿಯವರು ಮಿಕ್ಸ್ಚರ್ ಕೊಡುತ್ತಿದ್ದರೇ ಹೊರತು ಸೀಸೆ ಕೊಡುತ್ತಿರಲಿಲ್ಲ. ಆರರೊಳಗೆ ಸಾಲಿನಲ್ಲಿ ನಿಲ್ಲದಿದ್ದರೆ ಮಧ್ಯಾಹ್ನವೇ ಆಗಿಬಿಡುತ್ತಿತ್ತು. ಸೀಸೆಯಿಂದ ನೀರು ಬಸಿಯುವುದನ್ನು ನೋಡುತ್ತ ನಿಂತವಳಿಗೆ, ಮಿಕ್ಸ್ಚರ್ ಕುಡಿಯುವವನೇ ಇಲ್ಲವೆಂಬುದು ಆಮೇಲೆ ನೆನಪಾಯಿತು. ಗಂಡನ ಹದಿಮೂರನೆಯ ದಿನದ ವೈಕುಂಠ ಸಮಾರಾಧನೆ ನಿನ್ನೆ ಮುಗಿದಿತ್ತು. ನೆಂಟರು ಎಲೆ ಎತ್ತಿದ ಕೂಡಲೇ ಬಸ್ಸು ಹಿಡಿದಿದ್ದರು. ಶಂಕರಪುರದ ಆ ವಠಾರದಲ್ಲಿ ಎಂದಿನಂತೆ ನಲ್ಲಿಗೆ ನೀರು ಬಂತು, ಎಂದಿನಂತೆ ಬಿಂದಿಗೆಗಳ ಜಗಳ ಶುರುವಾಯಿತು.

ಸೀಸೆಯನ್ನು ಒಳಗಿಡಬೇಕೋ ಎಸೆಯಬೇಕೋ ತಿಳಿಯದೆ ಅಲ್ಲೇ ಬಿಟ್ಟಳು.

ಅತ್ತೆ ಹೊರಡುವಾಗ, ತಿಂಗಳ ಕೊನೆಗೆ ಮೈದುನ ಬಂದು ಮನೆ ಖಾಲಿ ಮಾಡಿಸುತ್ತಾನೆ, ಚಿಕ್ಕಬಳ್ಳಾಪುರಕ್ಕೆ ಬಂದಿರು ಎಂದಿದ್ದರು. ಹೋದರೆ ಅಲ್ಲಿನ ಹಿತ್ತಲ ಕೋಣೆಯೇ ಇನ್ನು ಗತಿಯೆಂದು ಅವಳಿಗೆ ಗೊತ್ತಿತ್ತು. ಎಂ.ಎ. ಮಾಡಿದವಳು, ಬಿ.ಎಡ್. ಸೀಟು ಸಿಕ್ಕಿತ್ತು. ಫೀಸು ಕಟ್ಟಲು ಇನ್ನು ಹತ್ತು ದಿನವಿತ್ತು. ಅದಕ್ಕೆ ಉಳಿದಿದ್ದ ದಾರಿ ಒಂದೇ: ಗಂಡನ ಕಾರ್ಖಾನೆಯ ಪರಿಹಾರ ನಿಧಿ.

ಬದರೀನಾರಾಯಣ ಚಾಮರಾಜಪೇಟೆಯ ಕಬ್ಬಿಣದ ಬೀರು ಮಾಡುವ ಕಾರ್ಖಾನೆಯಲ್ಲಿ ಆರು ವರ್ಷ ಮೆಷಿನ್ನಿನ ಮುಂದೆ ನಿಂತವನು. ಎಂಬತ್ತೊಂದರ ಶ್ರಾವಣದಲ್ಲಿ ಅವನನ್ನು ಸೂಪರ್‌ವೈಸರ್ ಮಾಡಿದರು. ಸಂಬಳ ಸಾವಿರದ ಇಪ್ಪತ್ತಾಯಿತು. ವಠಾರಕ್ಕೆಲ್ಲ ಪೇಡ ಹಂಚಿದ. ಸಾವಿರ ದಾಟಿದವನಿಗೆ ಇ.ಎಸ್.ಐ. ಡಿಸ್ಪೆನ್ಸರಿಯ ಪುಕ್ಕಟೆ ಔಷಧಿ ಇಲ್ಲವೆಂದು ಆಮೇಲೆ ತಿಳಿಯಿತು. ಸೂಪರ್‌ವೈಸರುಗಳ ಆಸ್ಪತ್ರೆ ಖರ್ಚನ್ನು ಕಂಪನಿಯೇ ಕೊಡುತ್ತಿತ್ತು, ಆದರೆ ಕೆಲಸ ಖಾಯಂ ಆದ ಮೇಲೆ, ಅಂದರೆ ಒಂದು ವರ್ಷ ಕಳೆದ ಮೇಲೆ. ಕಾರ್ಮಿಕನ ಕಾಯಿಲೆಯ ಹೊರೆಯನ್ನು ಕಾರ್ಮಿಕ, ಮಾಲೀಕ, ಸರ್ಕಾರ ಮೂವರೂ ಹೇಗೆ ಹಂಚಿಕೊಳ್ಳುತ್ತಾರೆಂದು ಸರ್ವಮಂಗಳಾ ಒಮ್ಮೆ ಪರೀಕ್ಷೆಯಲ್ಲಿ ನಾಲ್ಕು ಪುಟ ಬರೆದು ಒಳ್ಳೆಯ ಅಂಕ ತೆಗೆದಿದ್ದಳು. ಒಂದು ಹೆಗಲಿನಿಂದ ಇಳಿದು ಇನ್ನೊಂದು ಹೆಗಲು ಹತ್ತದವನ ವಿಚಾರ ಆ ಪುಸ್ತಕದಲ್ಲಿ ಇರಲಿಲ್ಲ.

ಆ ವರ್ಷದಲ್ಲೇ ಅವನಿಗೆ ಮೆಟ್ಟಿಲು ಹತ್ತಿದರೆ ಉಸಿರು ಕಟ್ಟತೊಡಗಿತು. ಹೃದಯದ ಕವಾಟ ಕೆಟ್ಟಿದೆ ಎಂದರು. ಖಾಸಗಿ ಡಾಕ್ಟರ ಹತ್ತಿರ ಎರಡು ಸಲ ಹೋಗುವಷ್ಟರಲ್ಲಿ ಅವಳ ಚಿನ್ನದ ಬಳೆ ಹೋದವು. ಆಗ ಕಾರ್ಖಾನೆಯ ಹಳೆಯ ಜೊತೆಗಾರ ಮುನಿರಾಮಪ್ಪ ಮಾವಳ್ಳಿಯಿಂದ ಬಂದು ತನ್ನ ಇ.ಎಸ್.ಐ. ಕಾರ್ಡನ್ನೇ ಅವನ ಕೈಗಿಟ್ಟ. ಅದರಲ್ಲಿ ಫೋಟೋ ಇರಲಿಲ್ಲ. "ನಂಗೆಲ್ಲಿ ಕಾಯ್ಲೆ ಬರುತ್ತೆ ಗುರು? ತಿಂಗ್ಳು ತಿಂಗ್ಳು ಸುಮ್ನೆ ದುಡ್ಡು ಹಿಡ್ಕೊಳ್ತಾರೆ. ನೀನಾದ್ರೂ ವಸೂಲ್ ಮಾಡು" ಎಂದು ನಕ್ಕಿದ್ದ.

ಡಿಸ್ಪೆನ್ಸರಿಗೆ ಹೋಗುವ ಹಿಂದಿನ ದಿನವೇ ಪಾಠ ಒಪ್ಪಿಸುವುದು ರೂಢಿಯಾಯಿತು. ಹೆಸರೇನೆಂದು ಅವಳು ಗದರಿ ಕೇಳುವುದು, ಮುನಿರಾಮಪ್ಪ ಎಂದು ಅವನು ಕೈಕಟ್ಟಿ ಹೇಳುವುದು. ತಂದೆಯ ಹೆಸರು ಕೇಳಿದರೆ ದೊಡ್ಡಬೈರಪ್ಪ. ತಪ್ಪಿದರೆ ಕಾಫಿ ಇಲ್ಲ. ಡಿಸ್ಪೆನ್ಸರಿಯ ಸಾಲಿನಲ್ಲಿ ಅವಳೂ ಮುನಿರಾಮಪ್ಪನ ಹೆಂಡತಿಯಾಗಿ ನಿಂತಳು. ಹನ್ನೊಂದನೆಯ ದಿನ ಪುರೋಹಿತರು ಹೋದವನ ಹೆಸರು ಕೇಳಿದಾಗ, ಮೂಲೆಯಲ್ಲಿ ಕೂತಿದ್ದ ಅವಳ ನಾಲಿಗೆಯ ತುದಿಗೆ ಬಂದದ್ದು ಆ ಹೆಸರೇ.

ಹತ್ತು ಗಂಟೆಗೆ ಅವಳು ಚೀಟಿಗಳ ಚೀಲ ಹಿಡಿದು ಕಾರ್ಖಾನೆಗೆ ಹೋದಳು. ಹೆಡ್ ಕ್ಲರ್ಕ್ ಶೀನಣ್ಣ ತಾನೇ ಕುರ್ಚಿ ಎಳೆದು ಕೂರಿಸಿದರು. ಬದರಿ ತೀರಿಹೋಗುವ ಹನ್ನೆರಡು ದಿನ ಮೊದಲು ವರ್ಷ ತುಂಬಿ ಕೆಲಸ ಖಾಯಂ ಆಗಿತ್ತು, ಹಾಗಾಗಿ ನಿಧಿಯಿಂದ ಹಣ ಬರಲು ಅಡ್ಡಿಯಿಲ್ಲ ಎಂದರು. ಆದರೆ ಮೂವತ್ತೆರಡರ ಗಂಡಸು ಮನೆಯಲ್ಲಿ ಮಲಗಿದ್ದಲ್ಲೇ ಹೋದರೆ, ಕುಡಿದನೋ ವಿಷ ತೆಗೆದುಕೊಂಡನೋ ಎಂದು ಮಾಲೀಕರು ಕೇಳಿಯೇ ಕೇಳುತ್ತಾರೆ. ಬೀದಿಯ ಡಾಕ್ಟರು ದಹನಕ್ಕೆಂದು ಬರೆದುಕೊಟ್ಟ ಕಾಗದ ಸಾಲದು. ಕಾಯಿಲೆಗೆ ಔಷಧಿ ಮಾಡಿಸುತ್ತಿದ್ದ ಎನ್ನುವುದಕ್ಕೆ ಗುರುತು ಬೇಕು.

"ಒಂದು ಚೀಟಿ ಸಾಕಮ್ಮ. ಅವನ ಹೆಸರಿರೋದು ಒಂದೇ ಒಂದು."

ಖಾಸಗಿ ಡಾಕ್ಟರು ಚೀಟಿ ಬರೆದಿರಲಿಲ್ಲ, ಹೆಸರನ್ನೂ ಎಲ್ಲೂ ಗುರುತು ಹಾಕಿಕೊಳ್ಳದೆ ಮಾತ್ರೆಗಳನ್ನು ಪೊಟ್ಟಣ ಕಟ್ಟಿ ಕೊಟ್ಟಿದ್ದರು. ಅವಳ ತೊಡೆಯ ಮೇಲಿನ ಚೀಲದಲ್ಲಿ ಎಂಟು ತಿಂಗಳ ಚೀಟಿಗಳೂ ಮುನಿರಾಮಪ್ಪನ ಕಾರ್ಡೂ ಇದ್ದವು. ಒಂದರಲ್ಲೂ ಗಂಡನ ಹೆಸರಿರಲಿಲ್ಲ. ಅವಳು ಚೀಲದ ಬಾಯಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ಶೀನಣ್ಣ ಒಮ್ಮೆ ಚೀಲವನ್ನು, ಒಮ್ಮೆ ಅವಳ ಮುಖವನ್ನು ನೋಡಿದರು. ಮೂವತ್ತು ವರ್ಷ ಕಾರ್ಮಿಕರ ರಜಾಚೀಟಿ ನೋಡಿದವರು. ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದರು.

"ಯಾರ ಕಾರ್ಡಮ್ಮ?" ಎಂದವರು, ಅವಳು ಬಾಯಿ ತೆರೆಯುವ ಮೊದಲೇ ಕೈ ಅಡ್ಡ ಹಿಡಿದರು. "ಬೇಡ, ಹೇಳ್ಬೇಡ. ನೀನು ಹೇಳಿದ್ರೆ ನಾನು ಬರೀಬೇಕಾಗುತ್ತೆ. ಬರೆದ್ರೆ ಅವನ ಕೆಲಸ ಹೋಗುತ್ತೆ, ಕೇಸೂ ಆಗುತ್ತೆ. ಔಷಧಿ ಕುಡಿದಿದ್ದು ಬದರೀನೇ ಅಂತ ಅವನೇ ಒಪ್ಕೊಂಡು ಬಂದ್ರೆ ಆ ಮಾತು ಬೇರೆ."

ಕೊನೆಯ ಮಾತೊಂದನ್ನೇ ಹಿಡಿದುಕೊಂಡು ಅವಳು ಮಾವಳ್ಳಿಯ ಕಡೆಗೆ ನಡೆದಳು. ಕೇಳುವುದನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲಿ ಹೊಂದಿಸಿಕೊಂಡಳು. ನಿಮಗೆ ಬೇರೆ ಕಡೆ ಕೆಲಸ ಸಿಗಬಹುದು, ನನಗೆ ಇದೊಂದೇ ದಾರಿ. ಎಷ್ಟು ಸಲ ಹೊಂದಿಸಿದರೂ ಅದು ಕೇಳಬಾರದ ಮಾತಾಗಿಯೇ ಉಳಿಯಿತು. ಆದರೂ ಕೇಳುವುದೆಂದೇ ನಿಶ್ಚಯಿಸಿದ್ದಳು.

ಹಗಲು ಹನ್ನೆರಡಾಗಿದ್ದರೂ ಮುನಿರಾಮಪ್ಪ ಮನೆಯಲ್ಲೇ ಇದ್ದ. ಜಗಲಿಯ ಮೇಲೆ ಕೂತಿದ್ದವನು ಅವಳನ್ನು ಕಂಡು ದಡಬಡಿಸಿ ಎದ್ದ. ಬಲಗೈಗೆ ಮೊಣಕೈತನಕ ಬಟ್ಟೆ ಸುತ್ತಿತ್ತು. ಏನಾಯಿತೆಂದು ಕೇಳಿದರೆ ಏನೂ ಇಲ್ಲವೆಂದ. ಒಳಗಿನಿಂದ ಬಂದ ಅವನ ಹೆಂಡತಿ ಅಂಜಿನಮ್ಮ ಬಾಯಿ ಬಿಟ್ಟಳು. ಬದರಿ ತೀರಿಕೊಂಡ ಮೂರನೆಯ ದಿನ ಮೆಷಿನ್ನು ಕೈಗೆ ಬಡಿದಿತ್ತು. ಮೆಷಿನ್ನಿನ ಗಾಯವೆಂದರೆ ಕಾರ್ಖಾನೆಯವರು ಡಿಸ್ಪೆನ್ಸರಿಗೇ ಕಳಿಸುತ್ತಿದ್ದರು, ಕಾರ್ಡಿಲ್ಲದೆ ಅಲ್ಲಿಗೆ ಹೋಗುವಂತಿರಲಿಲ್ಲ. ಕಾಂಪೌಂಡರೊಬ್ಬನಿಂದ ಹೊಲಿಗೆ ಹಾಕಿಸಿಕೊಂಡು, ಮನೆಯಲ್ಲಿ ಬಿದ್ದೆನೆಂದು ಸುಳ್ಳು ಹೇಳಿ ಕೆಲಸಕ್ಕೆ ಹೋಗುತ್ತಿದ್ದ. ಈಗ ಕೀವಾಗಿ ಬೆರಳು ಮಡಿಸಲು ಬರುತ್ತಿರಲಿಲ್ಲ. ರಜೆಗೆ ಸಂಬಳವೂ ಇಲ್ಲ.

"ಹೋಗಿ ಇಸ್ಕೊಂಬಾ ಅಂತ ದಿನಾ ಬಡ್ಕೊಂಡೆ ಅಕ್ಕಾ."

"ಸುಮ್ಕಿರೇ" ಎಂದ ಮುನಿರಾಮಪ್ಪ. ಸರ್ವಮಂಗಳಾಳ ಮುಖ ನೋಡದೆ, "ಸೂತಕದ ಮನೆ ಬಾಗ್ಲಲ್ಲಿ ನಿಂತ್ಕೊಂಡು ಕಾರ್ಡ್ ಕೊಡಿ ಅಂತ ಹೆಂಗಮ್ಮಾ ಕೇಳೋದು?" ಎಂದ. ಸಣ್ಣಗೆ ನಕ್ಕ. "ಈಗ ಹೋದ್ರೂ ಅಷ್ಟೇ. ಕೈ ತೋರ್ಸಿದ್ರೆ ಎದೆಗೆ ಔಷ್ದಿ ಕೊಡ್ತಾರೆ."

ಹೊಂದಿಸಿಕೊಂಡು ಬಂದಿದ್ದ ಮಾತನ್ನು ಅವಳು ಅಲ್ಲೇ ಬಿಟ್ಟಳು. ಅಂಜಿನಮ್ಮ ಒಂದು ಲೋಟ ನೀರು ತಂದುಕೊಟ್ಟಳು. ಅದನ್ನು ಪೂರ್ತಿ ಕುಡಿದಳು.

ಆಮೇಲೆ ಚೀಲದಿಂದ ಕಾರ್ಡನ್ನು ತೆಗೆದು ಮುಂದೆ ಹಿಡಿದಳು. ಮುನಿರಾಮಪ್ಪನ ಬಲಗೈ ಏಳಲಿಲ್ಲ. ಎಡಗೈ ಅರ್ಧ ಮುಂದೆ ಬಂದು, ನಾಚಿ ಹಿಂದೆ ಸರಿಯಿತು.

"ಎಡಗೈಯಲ್ಲಿ ಹೆಂಗ್ ಇಸ್ಕೊಳ್ಲಿ? ಅಲ್ಲೇ ಜಗ್ಲಿ ಮೇಲಿಡಿ ಅಮ್ಮಾ."

ಅವಳು ಜಗಲಿಯ ಮೇಲೆ ಇಡಲಿಲ್ಲ. ಅವನ ಎಡ ಅಂಗೈಯನ್ನು ಬಿಡಿಸಿ, ಕಾರ್ಡನ್ನಿಟ್ಟು, ಬೆರಳುಗಳನ್ನು ಮಡಿಸಿದಳು.